ಬೆರಿಲ್ ಮಾಡಿದ ದುಂಡು ಮೇಜು

ಬೆರಿಲ್ ಪ್ಯಾಸ್ಕೊ ನಮ್ಮೂರಿನ ಶಾಲೆಯ ಬಸ್ಸು ಓಡಿಸುತ್ತಿದ್ದವಳು. ಇಲ್ಲಿ ಈಗ ನಲವತ್ತರ ಆಸುಪಾಸಿನಲ್ಲಿರುವ ಯಾರನ್ನು ಕೇಳಿದರೂ ಹೇಳುತ್ತಾರೆ, ಡ್ರೈವರ್ ತಲೆಯ ಮೇಲಿನ ಕನ್ನಡಿಯಲ್ಲಿ ಅವಳ ಕಣ್ಣು ಕಾಣಿಸಿದರೆ ಸಾಕು, ಹಿಂದಿನ ಸೀಟಿನ ಹೊಡೆದಾಟ ತಾನಾಗಿ ನಿಲ್ಲುತ್ತಿತ್ತು ಅಂತ. ಕೂಗಾಡುವ ಹೆಂಗಸಲ್ಲ. ಸಿಟ್ಟು ಬಂದರೆ ಬಸ್ಸನ್ನು ಗೋಧಿ ಹೊಲದ ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಆರಿಸಿ, ಕೈಕಟ್ಟಿ ಕೂರುತ್ತಿದ್ದಳು. ಸೆಕೆ ಏರುತ್ತಿತ್ತು, ನೊಣ ಮುತ್ತುತ್ತಿದ್ದವು. ತಪ್ಪು ಮಾಡಿದವನು ಕೊನೆಗೆ ತಾನೇ ಎದ್ದು ಬಂದು ಒಪ್ಪಿಕೊಳ್ಳುತ್ತಿದ್ದ. ಆಮೇಲೆ ಬಸ್ಸು ಹೊರಡುತ್ತಿತ್ತು.

ಅಂಥವಳು ಎಪ್ಪತ್ತು ದಾಟಿದ ಮೇಲೆ ಒಂದು ದುಂಡು ಮೇಜು ಮಾಡಲು ಹೋಗಿ ಇಡೀ ಚಳಿಗಾಲವನ್ನು ಹಲ್ಲು ಕಚ್ಚಿಕೊಂಡು ಕಳೆದದ್ದನ್ನು ನಾನು ಪಕ್ಕದ ಕೆಲಸದ ಬೆಂಚಿನಿಂದ ನೋಡಿದ್ದೇನೆ. ನಾನು ನೋಡದ ಭಾಗವನ್ನು ಅವಳೇ ಚಹಾ ಕುಡಿಯುತ್ತ ಹೇಳಿದ್ದಾಳೆ.

ಮೇಜು ಬೇಕಾದದ್ದು ಅವಳ ಗಂಡ ಕ್ಲೆಮ್‌ಗಾಗಿ. ಕ್ಲೆಮ್ ಗೋಧಿ ಕಟಾವಿನ ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದವನು; ಬಿಡುವಿದ್ದಾಗ ಮನೆಯ ಗ್ಯಾರೇಜಿನಲ್ಲಿ ಮರಗೆಲಸ. ಕೆಲವು ವರ್ಷಗಳಿಂದ ಅವನ ಕಣ್ಣು ನಡುಭಾಗದಿಂದ ಮಸುಕಾಗುತ್ತ ಬಂದು, ಈಗ ಅಂಚಿನಲ್ಲಿ ಮಾತ್ರ ಒಂದಿಷ್ಟು ಬೆಳಕು ಉಳಿದಿತ್ತು. ಅವರ ಅಡಿಗೆಮನೆಯಲ್ಲಿದ್ದದ್ದು ಚೌಕದ ಹಳೆಯ ಮೇಜು, ಮೂಲೆಗಳಿಗೆ ಉಕ್ಕಿನ ಪಟ್ಟಿ ಹೊಡೆದದ್ದು. ಕ್ಲೆಮ್ ದಿನಾ ಅದರ ಮೂಲೆಗೆ ಸೊಂಟ ತಾಗಿಸಿಕೊಳ್ಳುತ್ತಿದ್ದ. ಒಂದು ನೀಲಿ ಕಲೆ ಮಾಯುವ ಮುಂಚೆ ಅದರ ಪಕ್ಕ ಇನ್ನೊಂದು ಏಳುತ್ತಿತ್ತು. ಒಮ್ಮೆ ಆಸ್ಪತ್ರೆಯ ನರ್ಸು ಅದನ್ನು ನೋಡಿ ಬೆರಿಲ್‌ಳನ್ನು ಹೊರಗೆ ಕೂರಿಸಿ, ಮನೆಯಲ್ಲಿ ಎಲ್ಲ ಸರಿಯಿದೆಯೇ ಎಂದು ಕ್ಲೆಮ್‌ನನ್ನು ಮೆಲ್ಲಗೆ ಕೇಳಿದಳಂತೆ.

"ಹೆಂಡ್ತಿ ಹೊಡೀತಾಳೆ ಅಂದೆ," ಎಂದು ಕ್ಲೆಮ್ ಕಾರಿನಲ್ಲಿ ನಗುತ್ತ ಹೇಳಿದ.

ಬೆರಿಲ್ ನಗಲಿಲ್ಲ. ಮನೆಗೆ ಬಂದವಳೇ ಗ್ಯಾರೇಜಿಗೆ ಹೋಗಿ, ಊರಿನ ಹಳೆಯ ಡ್ಯಾನ್ಸ್ ಹಾಲ್ ಕೆಡವಿದಾಗ ಕ್ಲೆಮ್ ತಂದಿಟ್ಟಿದ್ದ ನೆಲದ ಹಲಗೆಗಳ ಮೇಲಿನ ಧೂಳು ಕೊಡವಿದಳು. ಅವರಿಬ್ಬರೂ ಮೊದಲ ಸಲ ಒಟ್ಟಿಗೆ ಕುಣಿದದ್ದು ಅದೇ ಹಲಗೆಗಳ ಮೇಲೆ. ಗಟ್ಟಿ ಕೆಂಪು ಮರ. ಅಂಗಡಿಯಿಂದ ದುಂಡು ಮೇಜು ತರಬಹುದಿತ್ತು. ಆದರೆ ಮರದ ಪುಡಿ ಒತ್ತಿ ಮಾಡಿದ ಅಂಗಡಿ ಹಲಗೆ ನಮ್ಮ ಮನೆಯ ಹೊಸ್ತಿಲು ದಾಟಬಾರದು ಎಂದು ಕ್ಲೆಮ್ ಹೇಳಿಬಿಟ್ಟಿದ್ದ.

ನಮ್ಮೂರಿನಲ್ಲಿ ಬಂದರಿನ ಹಿಂದೆ, ಗೋಧಿ ತುಂಬುವ ಕಣಜಗಳ ನೆರಳಿನಲ್ಲಿ 'ಗಂಡಸರ ಶೆಡ್' ಎಂದು ಫಲಕ ಹಾಕಿದ ತಗಡಿನ ಕಟ್ಟಡವಿದೆ. ನಿವೃತ್ತರಾದವರು ಬಂದು ಆಟಿಕೆ, ಬೆಂಚು, ಹಕ್ಕಿಗೂಡು ಮಾಡುತ್ತಾರೆ. ಹೆಚ್ಚಿನ ಹೊತ್ತು ಚಹಾ ಕುಡಿಯುತ್ತಾರೆ. ಫಲಕ ಬದಲಿಸದೆಯೇ ಗುರುವಾರಗಳಂದು ಹೆಂಗಸರಿಗೂ ಬಾಗಿಲು ತೆರೆದಿದ್ದರು. ಬಂದವಳು ಬೆರಿಲ್ ಒಬ್ಬಳೇ. ಹಲಗೆಗಳನ್ನು ಒಂದಕ್ಕೊಂದು ಅಂಟಿಸಿ ಬಿಗಿಯುವವರೆಗೆ ಯಾರೂ ಅವಳ ಗೊಡವೆಗೆ ಹೋಗಲಿಲ್ಲ. ತೊಂದರೆ ಶುರುವಾದದ್ದು ಆ ಚೌಕವನ್ನು ದುಂಡಗೆ ಕತ್ತರಿಸುವ ಹೊತ್ತಿಗೆ.

ಅದಕ್ಕೆ ರೌಟರ್ ಬೇಕು. ಎರಡೂ ಕೈಯಲ್ಲಿ ಹಿಡಿದು ನೂಕುವ ಯಂತ್ರ ಅದು. ಕೆಳಗೆ ಗರಗರ ತಿರುಗುವ ಅಲಗು ಮರವನ್ನು ತಿನ್ನುತ್ತ ಹೋಗುತ್ತದೆ. ಬೆರಿಲ್ ಕ್ಲೆಮ್‌ನ ರೌಟರನ್ನೇ ತಂದಿದ್ದಳು. ಶೆಡ್ಡಿನಲ್ಲಿ ಅದಕ್ಕೆ ಜೋಡಿಸುವ ಜಿಗ್ ಇತ್ತು. ಉದ್ದನೆಯ ಅಲ್ಯೂಮಿನಿಯಂ ಪಟ್ಟಿ, ಒಂದು ತುದಿಯಲ್ಲಿ ಅಗಲ ತಟ್ಟೆ, ಇನ್ನೊಂದು ತುದಿಯಲ್ಲಿ ಮೊಳೆಯಂಥ ಗೂಟ. ದೊಡ್ಡ ಕೈವಾರವೆಂದರೂ ಸರಿ. ಗೂಟವನ್ನು ಹಲಗೆಯ ನಡುವೆ ನೆಟ್ಟು, ತಟ್ಟೆಯ ಮೇಲೆ ಯಂತ್ರ ಕೂರಿಸಿ ಸುತ್ತು ಹಾಕಿದರೆ ವೃತ್ತ ಬರಬೇಕು. ಬರಬೇಕಾದರೆ ಯಂತ್ರದ ಅಡಿಯ ಕಪ್ಪು ತಟ್ಟೆ ಬಿಚ್ಚಿ, ಆ ಜಾಗಕ್ಕೆ ಜಿಗ್ಗಿನ ತಟ್ಟೆ ಹಾಕಿ, ಅಲಗು ತಟ್ಟೆಯ ತೂತಿನ ಸರಿಯಾದ ನಡುವೆ ನಿಲ್ಲುವಂತೆ ಸ್ಕ್ರೂ ಬಿಗಿಯಬೇಕು. ಜಿಗ್ಗಿನ ಸ್ಕ್ರೂ ತೂತುಗಳು ಯಾವ ಯಂತ್ರಕ್ಕೂ ಆಗಲೆಂದು ಉದ್ದುದ್ದ ಕೊರೆದಂಥವು. ಹಾಗಾಗಿ ತಟ್ಟೆ ಅತ್ತ ಇತ್ತ ಜಾರುತ್ತಿತ್ತು.

ಬೆರಿಲ್ ಸ್ಕ್ರೂ ಬಿಚ್ಚಿ ಬಟ್ಟಲಿಗೆ ಹಾಕಿದ್ದಳಷ್ಟೆ, ಕೆಲ್ವಿನ್ ಟ್ರೆಂಬಾತ್ ಬಂದ. ಕಣಜದಲ್ಲಿ ಮೇಸ್ತ್ರಿಯಾಗಿದ್ದವನು. ಅವನ ಮಕ್ಕಳೆಲ್ಲ ಬೆರಿಲ್‌ಳ ಬಸ್ಸಿನಲ್ಲಿ ಓಡಾಡಿದವರು. ಅವಳನ್ನು ಅವನು ಕರೆಯುವುದೇ ಡ್ರೈವರಮ್ಮ ಎಂದು.

"ಹಂಗಲ್ಲ ಡ್ರೈವರಮ್ಮ, ಕೊಡಿಲ್ಲಿ."

"ಬೇಡ ಕೆಲ್ವಿನ್. ನಾನೇ ನೋಡ್ತೀನಿ."

"ನೋಡೋಕೇನಿದೆ? ಕಣ್ಣಳತೆ ಸಾಕು," ಎಂದವನೇ ಯಂತ್ರವನ್ನು ಅವಳ ಕೈಯಿಂದ ತೆಗೆದುಕೊಂಡು, ಬೆನ್ನು ತಿರುಗಿಸಿ, ತಟ್ಟೆ ಕೂರಿಸಿ ಸ್ಕ್ರೂ ಬಿಗಿದೇಬಿಟ್ಟ. ಪರೀಕ್ಷೆಗೆ ಪ್ಲೈವುಡ್ ತುಂಡಿನ ಮೇಲೆ ತಾನೇ ಸುತ್ತು ಹಾಕಿದ. ಸುತ್ತು ಮುಗಿಯುವಾಗ ಗೆರೆಯ ಕೊನೆ ಗೆರೆಯ ಮೊದಲಿಗೆ ಬಂದು ಸೇರಲಿಲ್ಲ. ಒಂದು ಬೆರಳಿನಷ್ಟು ಒಳಗೆ ಹೋಗಿತ್ತು.

"ಪ್ಲೈವುಡ್ಡೇ ಸರಿಯಿಲ್ಲ," ಎಂದ ಕೆಲ್ವಿನ್.

ಮುಂದಿನ ಗುರುವಾರ ಡಗ್‌ನ ಸರದಿ. ಡಗ್ ಒಳ್ಳೆಯವನು, ಮೆತ್ತಗಿನ ಮಾತಿನವನು, ಅಂಚೆ ಹಂಚುತ್ತಿದ್ದವನು. ಅವನು ಕಿತ್ತುಕೊಳ್ಳುವುದಿಲ್ಲ, ಕೈ ಚಾಚುತ್ತಾನೆ. ಚಾಚಿದ ಕೈ ಹಾಗೇ ನಿಂತಿರುತ್ತದೆ, ಕೊಡದೆ ಗತಿಯಿಲ್ಲ.

"ಒಂದ್ಸಲ ತೋರಿಸ್ತೀನಿ, ಅಷ್ಟೇ. ಆಮೇಲೆ ನೀನೇ ಮಾಡು," ಎಂದ ಡಗ್. ಅವನು ತೋರಿಸುತ್ತಿರುವಾಗ ಕೆಲ್ವಿನ್ ಬಂದು ಅದು ತಪ್ಪು ಎಂದ. ಇಬ್ಬರೂ ಸೇರಿ ತಟ್ಟೆಯನ್ನು ಬಿಚ್ಚಿದರು, ಹಾಕಿದರು, ಮತ್ತೆ ಬಿಚ್ಚಿದರು. ಬೆರಿಲ್ ಸ್ಕ್ರೂ ಬಟ್ಟಲು ಹಿಡಿದುಕೊಂಡು ನಿಂತಿದ್ದಳು. ಹನ್ನೆರಡಾಯಿತು. ಮಾಂಸದ ಹೂರಣದ ಪೇಸ್ಟಿ ಬಿಸಿಯಾಗಿದೆ ಎಂದು ಯಾರೋ ಕೂಗಿದರು. ಇಬ್ಬರೂ ಯಂತ್ರವನ್ನು ಹಾಗೇ ಬಿಟ್ಟು ತಿನ್ನಲು ಹೋದರು.

"ಇವತ್ತು ನೀನೇನು ಕಲಿತೆ ಬೆರಿಲ್?" ಎಂದು ನಾನು ಕೇಳಿದೆ.

"ಬಟ್ಟಲು ಹಿಡಿಯೋದು," ಎಂದಳು.

ಅದರ ಮುಂದಿನ ವಾರ ಅವಳು ಬೀಗ ತೆಗೆಯುವ ಹೊತ್ತಿಗೇ ಬಂದಳು. ಹೊರಗೆ ಸಮುದ್ರದಿಂದ ಕೊರೆಯುವ ಗಾಳಿ. ಒಳಗೆ ನಾನೊಬ್ಬನೇ, ಕುರ್ಚಿಯೊಂದಕ್ಕೆ ಪಾಲಿಶ್ ಹಚ್ಚುತ್ತಿದ್ದೆ. ಅವಳು ತಟ್ಟೆ ಕೂರಿಸಿದಳು, ಬಗ್ಗಿ ತೂತಿನ ಒಳಗೆ ನೋಡಿದಳು, ಸರಿಸಿದಳು, ಮತ್ತೆ ನೋಡಿದಳು. ಸರಿಯಾಯಿತು ಎಂದು ಬಿಗಿದರೆ, ಬಿಗಿಯುವಾಗಲೇ ಸ್ಕ್ರೂವಿನ ತಲೆ ತಟ್ಟೆಯನ್ನು ಒಂದು ಪಕ್ಕಕ್ಕೆ ಎಳೆದುಕೊಂಡುಬಿಡುತ್ತಿತ್ತು. ಸಡಿಲಿಸಿ ಮತ್ತೆ ಮೊದಲಿನಿಂದ. ಅವಳ ಬಾಯಿಂದ ಶಾಲೆಯ ಬಸ್ಸಿನಲ್ಲಿ ಯಾವತ್ತೂ ಕೇಳಿಸದ ಮಾತೊಂದು ಬಂತು. ಕೊನೆಗೆ ತಕ್ಕಮಟ್ಟಿಗೆ ನಡುವಿಗೆ ಬಂದಿದೆ ಅನಿಸಿದಾಗ, ಪ್ಲೈವುಡ್ಡಿನ ಗೊಡವೆ ಬೇಡವೆಂದು ಮೇಜಿನ ಹಲಗೆಯನ್ನೇ ಬೆಂಚಿನ ಮೇಲೆ ಬೋರಲು ಹಾಕಿ ಗೂಟ ನೆಟ್ಟಳು. ಗೂಟದ ತೂತು ಅಡಿಯಲ್ಲೇ ಇರಲಿ, ಮೇಲೆ ಕಾಣಬಾರದು ಎಂದು.

ಅವಳು ಕನ್ನಡಕ ಒರೆಸಿಕೊಳ್ಳಲು ಯಂತ್ರದಿಂದ ಕೈ ತೆಗೆದದ್ದೇ ತಪ್ಪಾಯಿತು. ಕೆಲ್ವಿನ್ ಯಾವಾಗ ಬಂದನೋ ನನಗೂ ಗೊತ್ತಾಗಲಿಲ್ಲ.

"ಶುರು ಮಾತ್ರ ಮಾಡ್ಕೊಡ್ತೀನಿ ಡ್ರೈವರಮ್ಮ. ಶುರು ಮಾಡೋದೇ ಕಷ್ಟ," ಎಂದು ಯಂತ್ರದ ಗುಂಡಿ ಒತ್ತಿಯೇಬಿಟ್ಟ.

ಬೆರಿಲ್ ಏನೋ ಕೂಗಿದಳು. ಆ ಸದ್ದಿನಲ್ಲಿ ಯಾರಿಗೆ ಕೇಳಬೇಕು? ಕೆಲ್ವಿನ್ ಮಣಭಾರ ಹಾಕಿ ನೂಕುತ್ತಿದ್ದ. ಕಾಲು ಸುತ್ತು ಸರಿಯಾಗೇ ಹೋಯಿತು. ಆಮೇಲೆ ಅದುರಿಗೆ ಸ್ಕ್ರೂಗಳು ಸಡಿಲಾಗಿ ತಟ್ಟೆ ಜಾರಿತು. ಅಲಗು ಗೆರೆ ಬಿಟ್ಟು ಮೇಜಿನ ಒಳಗೇ ನುಗ್ಗಿ ಹಲಗೆಯನ್ನು ಕಚ್ಚಿತು. ಬೆರಿಲ್ ಗೋಡೆಯ ಹತ್ತಿರ ಓಡಿ ಸ್ವಿಚ್ಚು ಆರಿಸಿದಳು.

ಹಲಗೆಯಲ್ಲಿ ಹೆಬ್ಬೆರಳು ಹಿಡಿಸುವಷ್ಟು ಗಾಯ. ಬೆರಿಲ್ ಸ್ಟೂಲೆಳೆದು ಕೂತು ಕೈಕಟ್ಟಿದಳು. ಬಸ್ಸಿನಲ್ಲಾದರೆ ಆ ಹೊತ್ತಿಗೆ ಯಾರಾದರೂ ಎದ್ದು ಬರುತ್ತಿದ್ದರು. ಕೆಲ್ವಿನ್ ತಲೆ ಕೆರೆದುಕೊಂಡ, ಯಂತ್ರ ಹಳೆಯದಾಯಿತು ಎಂದ, ಚಹಾಕ್ಕೆ ನೀರಿಡಲು ಹೋದ. ಬೆರಿಲ್ ಎದ್ದು ಹಲಗೆಗೆ ಕೈ ಹಾಕಿದಳು. ಅಷ್ಟರಲ್ಲಿ ಬಂದಿದ್ದ ಡಗ್ ಇನ್ನೊಂದು ತುದಿ ಹಿಡಿದ. ಇಬ್ಬರೂ ಅದನ್ನು ಅವಳ ವ್ಯಾನಿಗೆ ಏರಿಸಿದರು. ಜಿಗ್ಗನ್ನು ಅವಳು ಯಾರನ್ನೂ ಕೇಳದೆ ಮುಂದಿನ ಸೀಟಿನಲ್ಲಿಟ್ಟುಕೊಂಡಳು.

ಮನೆಯಲ್ಲಿ ಕ್ಲೆಮ್ ಅದೇ ಚೌಕದ ಮೇಜಿನ ಮುಂದೆ ಕೂತು ಬ್ರೆಡ್ಡಿಗೆ ಬೆಣ್ಣೆ ಹಚ್ಚಿಕೊಳ್ಳುತ್ತಿದ್ದ. ಬೆರಿಲ್ ಕೋಟೂ ಬಿಚ್ಚದೆ ಬೈಯಲು ಶುರು ಮಾಡಿದಳು.

"ಕೈಯಲ್ಲಿರೋದನ್ನ ಕಿತ್ಕೊಳ್ತಾರೆ ಕಣೋ. ನಾನು ಅಲ್ಲಿ ನಿಂತಿರೋದೇ ಅವರಿಗೆ ಕಾಣಲ್ಲ. ಬಸ್ಸು ಓಡಿಸೋವಾಗ ಯಾರಾದ್ರೂ ಸ್ಟಿಯರಿಂಗಿಗೆ ಕೈ ಹಾಕಿದ್ರಾ? ಇಲ್ಲಿ ಮಾತ್ರ, ಕೊಡಿಲ್ಲಿ, ಕೊಡಿಲ್ಲಿ. ನಾನೇನು ಕೈಲಾಗದವಳಾ?" ಹೇಳುತ್ತ ಹೇಳುತ್ತ ಅವಳ ಕಣ್ಣು ಬ್ರೆಡ್ಡಿನ ಮೇಲೆ ಬಿತ್ತು. ಬೆಣ್ಣೆಯೆಲ್ಲ ಒಂದೇ ಮೂಲೆಗೆ ಮೆತ್ತಿತ್ತು. "ತಡಿ, ಕೊಡಿಲ್ಲಿ," ಎಂದು ಗಂಡನ ಕೈಯಿಂದ ಚಾಕು ತೆಗೆದುಕೊಂಡಳು.

ಕ್ಲೆಮ್ ಖಾಲಿ ಕೈಯನ್ನು ಮೇಜಿನ ಮೇಲೆ ಇಟ್ಟ.

"ಅದನ್ನ ಕೆಳಗಿಡು ಬೆರಿಲ್."

"ಸುಮ್ನಿರು, ಬಟ್ಟೆಗೆಲ್ಲ ಮೆತ್ಕೋತೀಯ."

"ಕೆಳಗಿಡು ಅಂದೆ." ಅವನ ದನಿ ಏರಿರಲಿಲ್ಲ, ಆದರೆ ಅವಳು ಚಾಕು ಇಟ್ಟಳು. "ಬೆಳಿಗ್ಗೆ ಶರ್ಟಿನ ಗುಂಡಿ ನೀನೇ ಹಾಕ್ದೆ. ರೇಡಿಯೋ ನೀನೇ ತಿರುಗಿಸ್ದೆ. ಬೂಟಿನ ಲಾಡಿ ಕಟ್ಟೋಕೆ ನಾನು ಬಗ್ಗೋ ಹೊತ್ತಿಗೆ ನೀನು ಆಗಲೇ ಕೆಳಗೆ ಕೂತಿದ್ದೆ. ನನ್ನ ರೌಟರ್ ತಗೊಂಡು ಹೋದೆ, ಒಂದು ಮಾತು ಕೇಳಿದ್ಯಾ? ಆ ಕೆಲ್ವಿನ್‌ನ ಬೈತಾ ನಿಂತಿದ್ದೀಯಲ್ಲ, ಅವನಿಗಿಂತ ನೀನು ಯಾವುದರಲ್ಲಿ ಕಮ್ಮಿ?"

"ನಿನಗೆ ಕಾಣಲ್ಲ ಅಂತ..."

"ಕಾಣಲ್ಲ. ಕೈ ಇದೆ."

ಬೆರಿಲ್ ಕೋಟು ಬಿಚ್ಚಿ ಮೊಳೆಗೆ ಹಾಕಿದಳು. ಕ್ಲೆಮ್ ಬೆಣ್ಣೆ ಹಚ್ಚಿದ, ಅರ್ಧ ಬ್ರೆಡ್ಡಿಗೆ, ಅರ್ಧ ತನ್ನ ಅಂಗೈಗೆ. ರಾತ್ರಿ ಇಬ್ಬರೂ ಬೇರೆ ಬೇರೆ ಕೋಣೆಯಲ್ಲಿ ಒಂದೇ ರೇಡಿಯೋ ಕಾರ್ಯಕ್ರಮ ಕೇಳಿದರು.

ಮರುದಿನ ಅವಳು ಬಟ್ಟೆ ಒಣಹಾಕಿ ಬರುವಾಗ ಗ್ಯಾರೇಜಿನ ಬಾಗಿಲು ತೆರೆದಿತ್ತು. ಕ್ಲೆಮ್ ಸ್ಟೂಲಿನ ಮೇಲೆ ಕೂತು, ರೌಟರನ್ನು ತೊಡೆಯ ಮೇಲೆ ತಲೆಕೆಳಗಾಗಿ ಇಟ್ಟುಕೊಂಡು ಬೆರಳಲ್ಲಿ ಸವರುತ್ತಿದ್ದ. ಪ್ಲಗ್ ಹಾಕಿಲ್ಲವೆಂದು ಅವಳು ಮೊದಲು ನೋಡಿಕೊಂಡಳು.

"ಹಾಕಿಲ್ಲ," ಎಂದ ಕ್ಲೆಮ್, ಅವಳ ಹೆಜ್ಜೆ ನಿಂತದ್ದನ್ನು ಕೇಳಿ. "ಈ ಸ್ಕ್ರೂ ಯಾರು ಹಾಕಿದ್ದು?"

"ಯಂತ್ರದ್ದೇ ಸ್ಕ್ರೂ."

"ಅದು ತೆಳ್ಳಗಿನ ಪ್ಲಾಸ್ಟಿಕ್ ತಟ್ಟೆಗೆ ಕೊಟ್ಟ ಸ್ಕ್ರೂ. ಈ ಅಲ್ಯೂಮಿನಿಯಂ ಎಷ್ಟು ದಪ್ಪ ಇದೆ ನೋಡು. ಎರಡು ಸುತ್ತು ಕೂಡ ಒಳಗೆ ಕಚ್ಚಲ್ಲ. ಅದುರಿದ್ರೆ ಬಿಡದೆ ಇನ್ನೇನ್ ಮಾಡುತ್ತೆ?"

ಬೆರಿಲ್ ವ್ಯಾನು ತೆಗೆದುಕೊಂಡು ಹೋಗಿ ಉದ್ದನೆಯ ಸ್ಕ್ರೂ ತಂದಳು. ಆಮೇಲೆ ನಡುವಿಗೆ ತರುವ ಕೆಲಸ. ಮುರಿದ ಹಳೆಯ ಅಲಗೊಂದರ ಕಡ್ಡಿಯಂಥ ನುಣುಪು ಹಿಡಿಯನ್ನು ಯಂತ್ರದ ಬಾಯಿಗೆ ಕಚ್ಚಿಸಿ, ಅದು ತಟ್ಟೆಯ ತೂತಿನಲ್ಲಿ ಇಣುಕುವಂತೆ ಇಳಿಸಿದರು. ಅದರ ಸುತ್ತ ಎಲ್ಲ ಕಡೆ ಒಂದೇ ಸಮ ಸಂದು ಇರಬೇಕು. ಕ್ಲೆಮ್ ಕಿರುಬೆರಳಿನ ಉಗುರನ್ನು ಸಂದಿನಲ್ಲಿ ಆಡಿಸುತ್ತಿದ್ದ.

"ಇಲ್ಲಿ ಉಗುರು ಹೋಗುತ್ತೆ, ಈ ಕಡೆ ಹೋಗಲ್ಲ. ನಿನ್ನ ಕಡೆಗೆ ಒಂದು ಕೂದಲಷ್ಟು ಎಳಿ."

"ಎಳೆದೆ."

"ಅದು ಕೂದಲಾ? ಹಗ್ಗ. ವಾಪಸ್ ತಳ್ಳು."

"ತಳ್ಳಿದೆ."

"ಈಗ ಬಿಗಿ. ಮೆಲ್ಲಗೆ. ಮೆಲ್ಲಗೆ ಅಂದೆ ಬೆರಿಲ್. ನೋಡು, ಹೋಯ್ತು."

ಪ್ರತಿ ಸಲವೂ ಬಿಗಿಯುವಾಗ ಜಾರುತ್ತಿತ್ತು. ಕ್ಲೆಮ್ ಬೈದ, ಬೆರಿಲ್ ತಿರುಗಿ ಬೈದಳು. ಒಮ್ಮೆ ಅವಳು ಸ್ಕ್ರೂಡ್ರೈವರನ್ನು ಗೋಡೆಗೆ ಎಸೆದು, ತಾನೇ ಹೋಗಿ ಹೆಕ್ಕಿಕೊಂಡು ಬಂದಳು. ಇದಕ್ಕಿಂತ ಮೂಲೆಗೆ ಸೊಂಟ ತಾಗಿಸಿಕೊಂಡೇ ಸಾಯುತ್ತೇನೆ ಎಂದ ಕ್ಲೆಮ್. ಹಾಗಾದರೆ ಸಾಯಿ, ನರ್ಸಿಗೆ ನಾನೇ ಉತ್ತರ ಹೇಳುತ್ತೇನೆ ಎಂದಳು ಬೆರಿಲ್.

ಬೆರಿಲ್‌ಳ ಕಣ್ಣು ಗೋಡೆಯಲ್ಲಿ ನೇತಾಡುತ್ತಿದ್ದ ವೈರಿನ ಕಪ್ಪು ಟೇಪಿನ ಸುರುಳಿಯ ಮೇಲೆ ಹೋಯಿತು.

"ಸಂದು ಸಮ ಮಾಡೋದಕ್ಕಿಂತ, ಸಂದೇ ಇಲ್ದಂಗೆ ಮಾಡಿದ್ರೆ?" ಎಂದಳು. "ಈ ಕಡ್ಡಿಗೆ ಟೇಪು ಸುತ್ತುತ್ತಾ ಹೋಗ್ತೀನಿ. ತೂತು ತುಂಬುವಷ್ಟು. ಆಮೇಲೆ ತಟ್ಟೆ ಎಲ್ಲಿಗೆ ಜಾರುತ್ತೆ?"

ಕ್ಲೆಮ್ ಉಗುರನ್ನು ತೂತಿನ ಸುತ್ತ ಒಮ್ಮೆ ಆಡಿಸಿದ. "ಹ್ಞೂಂ," ಎಂದ. ಅವನನ್ನು ಬಲ್ಲವರಿಗೆ ಅದು ದೊಡ್ಡ ಮಾತು.

ಅವಳು ಟೇಪು ಸುತ್ತಿದಳು. ದಪ್ಪವಾಯಿತು, ಬಿಚ್ಚಿದಳು, ಮತ್ತೆ ಸುತ್ತಿದಳು. ಕೊನೆಗೆ ಕಡ್ಡಿ ತೂತಿನೊಳಗೆ ಬಿರಡೆಯ ಹಾಗೆ ಬಿಗಿಯಾಗಿ ಕೂತಿತು. ಒಂದೊಂದು ಸ್ಕ್ರೂವನ್ನೂ ಸ್ವಲ್ಪ ಸ್ವಲ್ಪವೇ ಸರದಿಯ ಮೇಲೆ ಬಿಗಿದಳು. ಟೇಪು ಬಿಚ್ಚಿದ ಮೇಲೆ ಕ್ಲೆಮ್ ಉಗುರು ಆಡಿಸಿದ. ಸುತ್ತ ಎಲ್ಲ ಕಡೆಯೂ ಒಂದೇ ಸಮ.

ಗಾಯವಾದ ಭಾಗವನ್ನು ಹೊರಗೆ ಬಿಡಬೇಕಾದ್ದರಿಂದ ವೃತ್ತವನ್ನು ಚಿಕ್ಕದು ಮಾಡಬೇಕಾಯಿತು. ಆರು ಜನ ಕೂರಲೆಂದು ಅಂದುಕೊಂಡಿದ್ದ ಮೇಜು ನಾಲ್ಕು ಜನಕ್ಕೆ ಇಳಿಯಿತು. ಅದಕ್ಕೂ ಅವಳು ಕೆಲ್ವಿನ್‌ನ ಹೆಸರು ಹೇಳಿ ಗೊಣಗಿದಳು. ಕ್ಲೆಮ್ ವೈರು ಕಾಲಿಗೆ ಸಿಗದಂತೆ ಹೆಗಲ ಮೇಲೆ ಹಾಕಿಕೊಂಡು ದೂರ ನಿಂತ. ಅವಳು ಒಂದೇ ಸಲಕ್ಕೆ ಆಳಕ್ಕೆ ಹೋಗದೆ ಸುತ್ತು ಸುತ್ತಿಗೂ ಅಲಗನ್ನು ಸ್ವಲ್ಪ ಸ್ವಲ್ಪ ಇಳಿಸಿದಳು. ಅವನು ಸದ್ದನ್ನೇ ಕೇಳುತ್ತಿದ್ದ. "ನಿಲ್ಬೇಡ, ಸುಡುತ್ತೆ," ಎಂದು ಎರಡು ಸಲ ಕೂಗಿದ. ಮೂರನೆಯ ಸಲ ಕೂಗುವ ಮುಂಚೆಯೇ ಹೊಗೆಯ ವಾಸನೆ ಬಂದಿತ್ತು. ಅವಳಿಗೆ ತೋಳು ನೋಯುತ್ತಿತ್ತು, ನಿಲ್ಲದೆ ಆಗಿರಲಿಲ್ಲ. ಆದರೆ ಗೆರೆಯ ಕೊನೆ ಗೆರೆಯ ಮೊದಲಿಗೆ ಬಂದು ಸೇರಿತು. ಕಡೆಯ ಸುತ್ತಿನಲ್ಲಿ ಹೊರಗಿನ ಚೌಕಟ್ಟು ನಾಲ್ಕೂ ಮೂಲೆ ಸಮೇತ ಕಳಚಿಕೊಂಡಿತು.

ಕ್ಲೆಮ್ ಅಂಚಿನ ಮೇಲೆ ಕೈಯಿಟ್ಟು ಮೇಜಿನ ಸುತ್ತ ಒಂದು ಸುತ್ತು ನಡೆದ.

"ಇಲ್ಲಿ ಸುಟ್ಟಿದೆ," ಎಂದ.

"ಗೊತ್ತು," ಎಂದಳು ಬೆರಿಲ್.

ಆ ಸುಟ್ಟ ಕಲೆ ಹೋಗಲಾಡಿಸಲು ಅವಳು ಮರಳು ಕಾಗದ ಹಿಡಿದು ಉಜ್ಜಿದ್ದು ಇನ್ನೊಂದು ವಾರ. ಹಳೆಯ ಮೇಜಿನ ಕಾಲುಗಳನ್ನೇ ಇದಕ್ಕೆ ಹಾಕಿ ಅಡಿಗೆಮನೆಯಲ್ಲಿ ಇರಿಸಿದ ದಿನ ನಾನೂ ಡಗ್ಗೂ ಎತ್ತಲು ಹೋಗಿದ್ದೆವು. ಡ್ಯಾನ್ಸ್ ಹಾಲ್‌ನಲ್ಲಿ ಹೊಡೆದಿದ್ದ ಮೊಳೆಗಳ ತೂತುಗಳು ಕಪ್ಪು ಚುಕ್ಕೆಗಳಾಗಿ ಹಾಗೇ ಇದ್ದವು. ಚೆಂದವಾಗಿತ್ತು. ಬೆರಿಲ್ ಚಹಾ ಬಗ್ಗಿಸಿದಳು. ಕ್ಲೆಮ್ ಒಳಗೆ ಬಂದ, ಅಂಚು ಮುಟ್ಟಿದ, ಕೈ ಜಾರಿಸುತ್ತ ನಡೆದ, ನಡೆಯುತ್ತಲೇ ಇದ್ದ. ಆಮೇಲೆ ಸಿಕ್ಕಿದ ಕುರ್ಚಿಯಲ್ಲಿ ಫ್ರಿಜ್ಜಿಗೆ ಮುಖ ಮಾಡಿ ಕೂತ.

"ಕಿಟಕಿ ಎಲ್ಲಿ?" ಎಂದ.

ಚೌಕದ ಮೇಜಿನಲ್ಲಿ ಅವನಿಗೆ ಮೂಲೆಗಳೇ ಗುರುತಾಗಿದ್ದವು. ಸೊಂಟಕ್ಕೆ ತಾಗಿದ ಮೂಲೆಯಿಂದ ಎಡಕ್ಕೆ ತಿರುಗಿದರೆ ಅವನ ಕುರ್ಚಿ, ಎದುರಿಗೆ ಕಿಟಕಿ, ಬಲಕ್ಕೆ ರೇಡಿಯೋ. ದುಂಡು ಮೇಜು ಎಲ್ಲ ಕಡೆಯೂ ಒಂದೇ. ಕೆಲವು ದಿನ ಅವನು ತನ್ನ ಅಡಿಗೆಮನೆಯಲ್ಲೇ ದಾರಿ ತಪ್ಪಿದ. ಒಂದು ಬೆಳಿಗ್ಗೆ ಮೂಲೆ ಇರುತ್ತಿದ್ದ ಜಾಗದಲ್ಲಿ ಬಟ್ಟಲು ಇಡಲು ಹೋಗಿ ಬಿಸಿ ಚಹಾ ನೆಲದ ಪಾಲಾಯಿತು.

"ಹಳೇದನ್ನ ವಾಪಸ್ ತಾ," ಎಂದ.

"ಅದರ ಕಾಲೆಲ್ಲ ಇದಕ್ಕೇ ಹಾಕಿದೀನಿ. ಹಲಗೆ ಶೆಡ್ಡಿಗೆ ಕೊಟ್ಟೆ. ಅದರ ಮೇಲೆ ಕೆಲ್ವಿನ್ ಬಣ್ಣದ ಡಬ್ಬ ಇಟ್ಕೊಂಡಿದಾನೆ," ಎಂದಳು ಬೆರಿಲ್, ಮಂಡಿಯೂರಿ ಚಹಾ ಒರೆಸುತ್ತ. ಆಗ ಅವಳಿಗೆ ಅಳು ಬಂತಂತೆ. ಅವನಿಗೆ ಕೇಳಿಸಬಾರದೆಂದು ನಲ್ಲಿ ಬಿಟ್ಟಳು.

ಕ್ಲೆಮ್‌ಗೆ ಕೇಳಿಸಿತೋ ಇಲ್ಲವೋ. ಅವನು ಗ್ಯಾರೇಜಿಗೆ ಹೋಗಿ, ಬಹಳ ಹೊತ್ತು ಡಬ್ಬಗಳನ್ನು ತಡಕಾಡಿ, ಒಂದು ಸುತ್ತಿಗೆಯನ್ನೂ ಗುಂಡು ತಲೆಯ ಹಿತ್ತಾಳೆಯ ಮೊಳೆಯನ್ನೂ ಹಿಡಿದುಕೊಂಡು ಬಂದ. ಕಿಟಕಿಯ ಗಾಳಿ ಮುಖಕ್ಕೆ ಬಡಿಯುವ ಕಡೆ ತಿರುಗಿ ನಿಂತು, ಆಮೇಲೆ ಮೇಜಿನ ಅಂಚಿಗೆ ಮುಖ ಮಾಡಿ ನೆಲದಲ್ಲಿ ಕೂತ. ತನ್ನ ಕುರ್ಚಿಯ ಗುರುತಿಗೆ ಅಲ್ಲಿ ಮೊಳೆ ಹೊಡೆಯಲಿದ್ದಾನೆಂದು ಬೆರಿಲ್‌ಗೆ ತಿಳಿಯಿತು. ಒಂದು ವಾರ ಉಜ್ಜಿದ ಅಂಚು ಅದು.

ಮೊದಲ ಏಟು ಮೊಳೆಗೆ ಬೀಳದೆ ಮರಕ್ಕೆ ಬಿತ್ತು. ಎರಡನೆಯದೂ ಮರಕ್ಕೇ. ಬೆರಿಲ್ ಒದ್ದೆ ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಂಡಿ ಹಿಡಿದುಕೊಂಡು, ಬೆನ್ನನ್ನು ಒಲೆಯ ಕಟ್ಟೆಗೆ ಒತ್ತಿ ನಿಂತಿದ್ದಳು. ಮೂರನೆಯದು ಅವನ ಹೆಬ್ಬೆರಳಿಗೆ ಬಿತ್ತು. ಅವನು ಬೆರಳನ್ನು ಬಾಯಲ್ಲಿಟ್ಟುಕೊಂಡ, ಕಾದ, ಮತ್ತೆ ಮೊಳೆ ಹುಡುಕಿ ಹಿಡಿದ. ಕೊಡಿಲ್ಲಿ ಅನ್ನದೆ ಅವಳು ಬಟ್ಟೆಯನ್ನು ಇನ್ನೊಂದು ಸುತ್ತು ಹಿಂಡಿದಳು. ಒಂದೊಂದು ಏಟಿಗೂ ಅವಳ ಹೆಗಲು ಅದುರುತ್ತಿತ್ತು.

ಮೊಳೆ ಒಳಗಿಳಿಯಿತು. ಕ್ಲೆಮ್ ಅದರ ಗುಂಡು ತಲೆಯನ್ನು ಬೆರಳಿನಿಂದ ಸವರಿ, ಎದ್ದು ಕುರ್ಚಿ ಎಳೆದುಕೊಂಡ. ಈಗ ಕಿಟಕಿ ಎದುರಿಗಿತ್ತು.

"ಹೆಂಗಿದೆ?" ಎಂದ.

ಮೊಳೆ ಸೊಟ್ಟಗೆ ಕೂತಿತ್ತು. ಅದರ ಸುತ್ತ ಸುತ್ತಿಗೆಯ ಅರೆಚಂದ್ರದ ಗುರುತುಗಳು.

"ಸೊಟ್ಟಗಿದೆ," ಎಂದಳು ಬೆರಿಲ್.

"ಕೈಗೆ ಸಿಗುತ್ತೆ," ಎಂದ ಕ್ಲೆಮ್. ಚಹಾದ ಪಾತ್ರೆಗೆ ಕೈ ಚಾಚಿ, ಅದು ಸಿಗುವವರೆಗೆ ಮೇಜಿನ ಮೇಲೆ ತಡವಿದ.